ತಂಡದಲ್ಲೊಂದು ಅಳಿಲು

ಪ್ರತಿಯೊಂದು ಕಾಲದ ಮಕ್ಕಳಿಗೂ ಅವರವರ ಆಟಗಳಿರುತ್ತವೆ. ಪ್ರತಿಯೊಂದು ಕಾಲದ ಹಿರಿಯರಿಗೂ ಆ ಆಟಗಳ ಬಗೆಗೆ ಒಂದಿಷ್ಟು ಅಸಮಾಧಾನವಿರುತ್ತದೆ. ಗೋಲಿ, ಬುಗುರಿ, ಚಿನ್ನಿದಾಂಡುಗಳಲ್ಲಿ ಮೈಮರೆತ ಹುಡುಗರನ್ನು ಕಿವಿಹಿಂಡಿ ಮನೆಗೆ ಎಳೆದು ತರುತ್ತಿದ್ದ ಕಾಲವೊಂದಿತ್ತು. ಈಗ ಅದೇ ಗೋಲಿ ಬುಗುರಿಗಳನ್ನು ನಮ್ಮ ಸಂಸ್ಕೃತಿಯ ಕುರುಹುಗಳೆಂದು ಕೊಂಡಾಡುತ್ತ, ವಿಡಿಯೊ ಆಟಗಳಲ್ಲಿ ಮುಳುಗಿದವರ ಕಿವಿಯನ್ನು ಹಿಂಡಲು ಹೊರಟಿದ್ದೇವೆ. ಈ ಕೋಪಕ್ಕೆ ಕಾರಣವಿಲ್ಲವೆಂದು ನಾನು ಹೇಳುವುದಿಲ್ಲ. ನಿದ್ದೆಯನ್ನೂ ಓದನ್ನೂ ನುಂಗಿಹಾಕುವ ಆಟ ಯಾವುದಾದರೂ ಸರಿ, ಅದು ಆಟದ ಎಲ್ಲೆಯನ್ನು ಮೀರಿದಂತೆಯೇ. ಆದರೆ ಒಂದು ವಸ್ತುವನ್ನು ಖಂಡಿಸುವ ಮೊದಲು ಅದರ ಒಳಗನ್ನು ಒಮ್ಮೆ ನೋಡುವುದು ನ್ಯಾಯವಲ್ಲವೆ? ಹಾಗೆ ನೋಡಿದಾಗ ಕೆಲವು ಆಟಗಳಲ್ಲಿ ಏನೂ ಇಲ್ಲವೆಂಬುದು ನಿಶ್ಚಯವಾಗುತ್ತದೆ. ಕೆಲವು ಆಟಗಳಲ್ಲಿ ಚದುರಂಗದ ಮಣೆಯ ಮುಂದೆ ಕುಳಿತವನಿಗೆ ಆಗುವಂತಹ ಬೆರಗು ಉಂಟಾಗುತ್ತದೆ. ಎರಡನೆಯ ಗುಂಪಿಗೆ ಸೇರಿದ ಆಟವೊಂದನ್ನು ಕುರಿತು ಇಲ್ಲಿ ಕೆಲವು ಮಾತುಗಳನ್ನು ಹೇಳಬಯಸುತ್ತೇನೆ. ಅದು ಪೊಕೆಮಾನ್.

'ಜೇಬಿನಲ್ಲಿಟ್ಟುಕೊಳ್ಳಬಹುದಾದ ರಾಕ್ಷಸರು' ಎಂಬ ಅರ್ಥದ ಎರಡು ಇಂಗ್ಲಿಷ್ ಪದಗಳನ್ನು ಜಪಾನೀಯರು ಮೊಟಕುಗೊಳಿಸಿ ಈ ಹೆಸರನ್ನು ಮಾಡಿಕೊಂಡಿದ್ದಾರೆ. ನಿಮ್ಮಲ್ಲಿ ಹಲವರು ಇದನ್ನು ದೂರದರ್ಶನದ ಪರದೆಯ ಮೇಲೆ ಚಿತ್ರಕಥೆಯಾಗಿ ನೋಡಿರಬಹುದು. ಆದರೆ ಮೊದಲು ಹುಟ್ಟಿದ್ದು ಆಟವೇ. ೧೯೬೫ರಲ್ಲಿ ಜನಿಸಿದ ಸತೋಷಿ ತಜಿರಿ ಎಂಬಾತನು ಟೋಕಿಯೊ ನಗರದ ಅಂಚಿನ ಮಚಿದಾ ಎಂಬಲ್ಲಿ ಬೆಳೆದವನು. ಹೊಲ, ಕೊಳ, ಪೊದೆಗಳಲ್ಲಿ ಅಲೆದು ಕೀಟಗಳನ್ನು ಹಿಡಿಯುವುದೇ ಬಾಲಕನಾಗಿದ್ದಾಗ ಆತನ ಹುಚ್ಚು. ನಗರ ಬೆಳೆಯಿತು, ಹೊಲಗಳ ಮೇಲೆ ಕಟ್ಟಡಗಳೆದ್ದವು, ಕೀಟಗಳು ಕಾಣದಾದವು. ತಾನು ಕಂಡ ಸುಖವನ್ನು ಮುಂದಿನ ಮಕ್ಕಳು ಆಟದಲ್ಲಾದರೂ ಕಾಣಲಿ ಎಂಬುದು ಆತನ ಹಂಬಲವಾಯಿತು. ೧೯೮೩ರಲ್ಲಿ ಆತ 'ಗೇಮ್ ಫ್ರೀಕ್' ಎಂಬ ಕೈಬರಹದ ಪತ್ರಿಕೆಯನ್ನು ಹೊರಡಿಸಿದನು. ಅದೇ ಹೆಸರಿನ ಸಂಸ್ಥೆ ೧೯೮೯ರಲ್ಲಿ ಸ್ಥಾಪನೆಯಾಯಿತು. ಶಾಲೆಯ ಕೈಬರಹದ ಪತ್ರಿಕೆಗೆ ಲೇಖನ ಬರೆಯಲು ಹಿಂಜರಿಯುವವರು ಈ ಸಂಗತಿಯನ್ನು ಗಮನಿಸಬಹುದು. ಆ ಸಂಸ್ಥೆ ರೂಪಿಸಿದ ಪೊಕೆಮಾನ್ ೧೯೯೬ರ ಫೆಬ್ರವರಿ ೨೭ರಂದು ಜಪಾನಿನಲ್ಲಿ ಮಾರಾಟಕ್ಕೆ ಬಂದಿತು.

ಅದು ಬಂದುದು ಕೆಂಪು, ಹಸುರು ಎಂಬ ಎರಡು ಪ್ರತಿಗಳಾಗಿ. ಕೆಂಪಿನಲ್ಲಿ ಸಿಗುವ ಕೆಲವು ಜೀವಿಗಳು ಹಸುರಿನಲ್ಲಿ ಇಲ್ಲ; ಹಸುರಿನಲ್ಲಿ ಸಿಗುವ ಕೆಲವು ಕೆಂಪಿನಲ್ಲಿ ಇಲ್ಲ. ಎಲ್ಲವನ್ನೂ ಕೂಡಿಹಾಕಬೇಕೆನ್ನುವ ಹುಡುಗ ಇನ್ನೊಬ್ಬ ಹುಡುಗನನ್ನು ಹುಡುಕಿಕೊಂಡು ಹೋಗಲೇಬೇಕು. ಇಬ್ಬರ ಯಂತ್ರಗಳನ್ನು ಒಂದು ತಂತಿಯಿಂದ ಜೋಡಿಸಿ, ಒಂದನ್ನು ಕೊಟ್ಟು ಇನ್ನೊಂದನ್ನು ಪಡೆಯಬೇಕು. ಒಬ್ಬನೇ ಕುಳಿತು ಮುಗಿಸಲಾಗದಂತೆ ಬೇಕೆಂದೇ ಕಟ್ಟಿದ ಆಟ ಇದು. ಅದೇ ತಂತಿಯ ಮೂಲಕ ಇಬ್ಬರೂ ತಮ್ಮ ತಮ್ಮ ಜೀವಿಗಳನ್ನು ಕಾಳಗಕ್ಕೆ ಬಿಡಬಹುದಾಗಿತ್ತು. ನಾನು ಹೇಳಹೊರಟಿರುವುದು ಈ ಕಾಳಗದ ಸಂಗತಿಯನ್ನೇ.

ಕಾಳಗದ ಮೂಲಸೂತ್ರ ಸರಳವಾದುದು. ನೀರು ಬೆಂಕಿಯನ್ನು ಆರಿಸುತ್ತದೆ, ಬೆಂಕಿ ಸಸ್ಯವನ್ನು ಸುಡುತ್ತದೆ, ಸಸ್ಯ ನೀರನ್ನು ಹೀರುತ್ತದೆ. ಪ್ರತಿಯೊಂದು ಜೀವಿಯೂ ಇಂತಹ ಒಂದು ವರ್ಗಕ್ಕೋ ಎರಡು ವರ್ಗಗಳಿಗೋ ಸೇರಿರುತ್ತದೆ. ತಕ್ಕ ವರ್ಗದ ಏಟು ಬಿದ್ದರೆ ಪೆಟ್ಟು ಇಮ್ಮಡಿ. ತಗದ ವರ್ಗದ್ದಾದರೆ ಅರ್ಧ. ಕೆಲವು ಸಂದರ್ಭಗಳಲ್ಲಿ ಸೊನ್ನೆ. ವಿದ್ಯುತ್ತಿನ ಏಟು ನೆಲದ ವರ್ಗಕ್ಕೆ ಸೇರಿದ ಜೀವಿಗೆ ತಾಗುವುದೇ ಇಲ್ಲ. ಎರಡು ವರ್ಗಗಳಿಗೆ ಸೇರಿದ ಜೀವಿಯಲ್ಲಿ ಈ ಲೆಕ್ಕ ಗುಣಾಕಾರವಾಗುತ್ತದೆ. ಗ್ಯಾರಡೋಸ್ ಎಂಬ ಘೋರರೂಪದ ಜಲಸರ್ಪವಿದೆ. ಅದು ನೀರಿನ ವರ್ಗಕ್ಕೂ ಹಾರಾಟದ ವರ್ಗಕ್ಕೂ ಸೇರಿದುದು. ವಿದ್ಯುತ್ತು ಎರಡಕ್ಕೂ ಶತ್ರು. ಆದ್ದರಿಂದ ಒಂದು ಸಿಡಿಲು ಬಡಿದರೆ ಗ್ಯಾರಡೋಸ್‌ಗೆ ಆಗುವ ಪೆಟ್ಟು ನಾಲ್ಕು ಪಟ್ಟು. ಎಷ್ಟು ಘೋರವಾಗಿದ್ದರೇನು!

೧೯೯೬ರ ಆಟದಲ್ಲಿ ೧೫ ವರ್ಗಗಳಿದ್ದವು. ಅವುಗಳಲ್ಲಿ ಮನಃಶಕ್ತಿಯ ವರ್ಗವೊಂದು ಎದುರಿಲ್ಲದೆ ಮೆರೆಯಿತು. ಅದನ್ನು ತಡೆಯುವ ಏಟುಗಳು ಆಟದಲ್ಲಿ ಇಲ್ಲವೆನ್ನುವಷ್ಟು ದುರ್ಬಲವಾಗಿದ್ದವು. ೧೯೯೯ರ ಆವೃತ್ತಿಯಲ್ಲಿ ಕತ್ತಲೆ, ಉಕ್ಕು ಎಂಬ ಎರಡು ವರ್ಗಗಳನ್ನು ಸೇರಿಸಿ ಅದರ ಸೊಕ್ಕನ್ನು ಮುರಿಯಲಾಯಿತು. ೨೦೧೩ರಲ್ಲಿ ಯಕ್ಷಿಣಿಯ ವರ್ಗ ಬಂದು ಒಟ್ಟು ವರ್ಗಗಳು ೧೮ ಆದವು. ಅಲ್ಲಿಯವರೆಗೆ ಬೀಗುತ್ತಿದ್ದ ಮಹಾಸರ್ಪಗಳ ಏಟು ಈ ಯಕ್ಷಿಣಿಗಳಿಗೆ ತಾಗದಂತಾಯಿತು. ಮೊದಲು ೧೫೧ ಇದ್ದ ಜೀವಿಗಳ ಸಂಖ್ಯೆ ೨೦೨೨ರ ಆವೃತ್ತಿಗಳೊಡನೆ ಸಾವಿರವನ್ನು ಮೀರಿತು.

ಸಾವಿರ ಜೀವಿಗಳಲ್ಲಿ ಆರನ್ನು ಆರಿಸಿ ತಂಡ ಕಟ್ಟು ಎಂದರೆ ಹೊಸಬನು ಮಾಡುವುದೇನು? ಪ್ರತಿಯೊಂದು ಜೀವಿಗೂ ಪ್ರಾಣಬಲ, ದಾಳಿ, ರಕ್ಷಣೆ, ವಿಶೇಷ ದಾಳಿ, ವಿಶೇಷ ರಕ್ಷಣೆ, ವೇಗ ಎಂಬ ಆರು ಅಂಕಗಳಿರುತ್ತವೆ. ಅವನು ಆ ಅಂಕಗಳನ್ನು ಕೂಡಿ, ಮೊತ್ತ ಹೆಚ್ಚಾಗಿರುವ ಆರು ಮಂದಿಯನ್ನು ಸಾಲಾಗಿ ನಿಲ್ಲಿಸುತ್ತಾನೆ. ನಾನು ಅಧ್ಯಾಪಕನಾಗಿದ್ದ ಕಾಲದಲ್ಲಿ ಕಬಡ್ಡಿ ತಂಡಕ್ಕೆ ಹೆಸರು ಕೇಳಿದರೆ ಹುಡುಗರು ಮೊದಲು ಕೂಗುತ್ತಿದ್ದುದು ತರಗತಿಯ ಭಾರಿ ಆಳುಗಳ ಹೆಸರುಗಳನ್ನೇ. ಏಳು ಮಂದಿಯೂ ಭಾರಿ ಆಳುಗಳಾದರೆ ಉಸಿರು ಹಿಡಿದು ಎದುರು ಪಾಳೆಯಕ್ಕೆ ನುಗ್ಗಿ ಬರುವವರು ಯಾರು ಎಂಬ ಪ್ರಶ್ನೆ ಮೊದಲ ಸೋಲಿನ ಮೇಲೆ ಹುಟ್ಟುತ್ತಿತ್ತು. ಪೊಕೆಮಾನ್‌ನ ಹೊಸಬನ ಪಾಡೂ ಇದೇ. ಅವನ ಆರು ಬಲಿಷ್ಠರಲ್ಲಿ ಮೂವರು ಹಿಮದ ಏಟಿಗೆ ಕುಸಿಯುವವರಾಗಿದ್ದರೆ, ಹಿಮವನ್ನು ಬಲ್ಲ ಒಂದೇ ಒಂದು ಸಾಧಾರಣ ಜೀವಿ ಆ ಮೂವರನ್ನೂ ಒಂದರ ಹಿಂದೊಂದರಂತೆ ಕೆಡವುತ್ತದೆ.

ತಪ್ಪು ಎಲ್ಲಿದೆಯೆಂದರೆ, ಹೊಸಬನು ಎಣಿಸಿದ್ದು ಆರು ಮಂದಿಯನ್ನು. ಎಣಿಸಬೇಕಾಗಿದ್ದುದು ಜೋಡಿಗಳನ್ನು. ಆರು ಮಂದಿಯಲ್ಲಿ ಇಬ್ಬಿಬ್ಬರಂತೆ ಎಷ್ಟು ಜೋಡಿಗಳಾಗುತ್ತವೆಂಬುದನ್ನು ನಿಮ್ಮ ಗಣಿತದ ಅಧ್ಯಾಪಕರನ್ನು ಕೇಳಿದರೆ ೧೫ ಎಂದು ಹೇಳುತ್ತಾರೆ. ತಂಡದ ಬಲವಿರುವುದು ಈ ಹದಿನೈದು ಸಂಬಂಧಗಳಲ್ಲಿ. ಒಬ್ಬನ ಕೊರತೆಯನ್ನು ಇನ್ನೊಬ್ಬನು ತುಂಬುವನೆ, ಒಬ್ಬನ ಗುಣಕ್ಕೆ ಇನ್ನೊಬ್ಬನು ಇಂಬು ಕೊಡುವನೆ, ಇಲ್ಲವೆ ಇಬ್ಬರೂ ಒಂದೇ ಹಳ್ಳಕ್ಕೆ ಬೀಳುವರೆ ಎಂಬುದೇ ಮುಖ್ಯವಾದ ಪ್ರಶ್ನೆ. ಒಂದು ಜೀವಿಯ ಬೆಲೆ ಅದರ ಮೈಮೇಲೆ ಬರೆದಿರುವುದಿಲ್ಲ. ಪಕ್ಕದಲ್ಲಿ ಯಾರಿದ್ದಾರೆ ಎಂಬುದರ ಮೇಲೆ ಅದು ಏರುತ್ತದೆ, ಇಳಿಯುತ್ತದೆ.

ಒಂದು ಪುಟ್ಟ ಲೆಕ್ಕವನ್ನು ನೋಡೋಣ. ಪ್ರತಿಯೊಂದು ಜೀವಿಯೂ ಕಾಳಗಕ್ಕೆ ನಾಲ್ಕು ಪಟ್ಟುಗಳನ್ನು ಮಾತ್ರ ಒಯ್ಯಬಹುದು. ವಿದ್ಯುತ್ತಿನ ಪಟ್ಟುಗಳಲ್ಲಿ ಥಂಡರ್‌ಬೋಲ್ಟ್ ಎಂಬುದರ ಬಲ ೯೦, ಗುರಿ ನೂರಕ್ಕೆ ನೂರು. ಥಂಡರ್ ಎಂಬುದರ ಬಲ ೧೧೦, ಆದರೆ ಗುರಿ ತಾಗುವುದು ನೂರಕ್ಕೆ ೭೦ ಸಲ. ಸರಾಸರಿಯಲ್ಲಿ ಎರಡನೆಯದರ ಬಲ ೭೭ಕ್ಕೆ ಇಳಿಯುತ್ತದೆ; ವಿವೇಕಿಯು ಮೊದಲನೆಯದನ್ನೇ ಆರಿಸುತ್ತಾನೆ. ಆದರೆ ಮಳೆ ಸುರಿಯುತ್ತಿರುವಾಗ ಥಂಡರ್ ಎಂದೂ ಗುರಿ ತಪ್ಪದು ಎಂಬ ನಿಯಮವೊಂದಿದೆ. ಕಣಕ್ಕೆ ಇಳಿದೊಡನೆ ಮಳೆ ತರಿಸುವ ಹುಟ್ಟುಗುಣವುಳ್ಳ ಪೊಲಿಟೋಡ್ ಎಂಬ ಕಪ್ಪೆಯೊಂದಿದೆ. ಈ ಕಪ್ಪೆಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡರೆ ೭೭ರ ಪಟ್ಟು ಪೂರ್ತಿ ೧೧೦ ಆಗುತ್ತದೆ. ಸಿಡಿಲು ಬದಲಾಗಲಿಲ್ಲ, ಅದನ್ನು ಎಸೆಯುವವನೂ ಬದಲಾಗಲಿಲ್ಲ, ಬದಲಾದುದು ನೆರೆಯವನು.

ಇದಕ್ಕಿಂತ ಸೊಗಸಾದ ಉದಾಹರಣೆ ಆಮೆಯದು. ಟೋರ್ಕೋಲ್ ಎಂಬುದು ಬೆನ್ನಿನ ಮೇಲೆ ಕಲ್ಲಿದ್ದಲ ಕೆಂಡ ಹೊತ್ತಿರುವ ಆಮೆ. ಅದರ ವೇಗದ ಅಂಕ ೨೦. ಆಟದಲ್ಲಿ ಇದಕ್ಕಿಂತ ನಿಧಾನವಾದವು ವಿರಳ. ಅದು ಬಲ್ಲ ಇರಪ್ಷನ್ ಎಂಬ ಪಟ್ಟು ಜ್ವಾಲಾಮುಖಿಯಂತಹುದು: ಪ್ರಾಣಬಲ ಪೂರ್ತಿಯಾಗಿದ್ದಾಗ ಅದರ ಬಲ ೧೫೦, ಪ್ರಾಣಬಲ ಕುಂದಿದಂತೆ ಪಟ್ಟಿನ ಬಲವೂ ಕುಂದುತ್ತದೆ. ಎಲ್ಲರೂ ಹೊಡೆದು ಮುಗಿಸಿದ ಮೇಲೆ ಸರದಿ ಬರುವ ಆಮೆಗೆ ಇಂತಹ ಪಟ್ಟು ಸಿಕ್ಕಿದ್ದು ದೈವದ ಕುಚೋದ್ಯದಂತೆ ಕಾಣುತ್ತದೆ. ಆದರೆ ೨೦೦೬ರ ಆವೃತ್ತಿಯಲ್ಲಿ ಟ್ರಿಕ್ ರೂಮ್ ಎಂಬ ವಿಚಿತ್ರ ಪಟ್ಟೊಂದು ಬಂದಿತು. ಅದನ್ನು ಹೂಡಿದರೆ ಐದು ಸುತ್ತುಗಳವರೆಗೆ ವೇಗದ ಲೆಕ್ಕ ತಲೆಕೆಳಗಾಗಿ, ಎಲ್ಲರಿಗಿಂತ ನಿಧಾನವಾದವನು ಎಲ್ಲರಿಗಿಂತ ಮೊದಲು ಹೊಡೆಯುತ್ತಾನೆ. ಆಮೆಗೆ ಈ ವಿದ್ಯೆ ತಿಳಿಯದು. ಅದನ್ನು ಬಲ್ಲ ಸಂಗಾತಿ ಬೇಕು. ಸಂಗಾತಿಯು ಈ ಪಟ್ಟನ್ನು ಹೂಡುವಷ್ಟರಲ್ಲಿ ಏಟು ತಿಂದು ಬೀಳದಂತೆ ನೋಡಿಕೊಳ್ಳಲು ಇನ್ನೊಬ್ಬನು ಬೇಕು. ೨೦೧೬ರಿಂದೀಚೆಗೆ ಟೋರ್ಕೋಲ್‌ಗೆ ಬಿಸಿಲನ್ನು ಬರಿಸುವ ಹುಟ್ಟುಗುಣವೂ ದೊರೆತುದರಿಂದ, ಬಿಸಿಲಿನಲ್ಲಿ ಬೆಂಕಿಯ ಏಟು ಒಂದೂವರೆ ಪಟ್ಟಾಗುತ್ತದೆ. ಹೀಗೆ ಎಲ್ಲವೂ ಕೂಡಿಬಂದಾಗ ಆ ಮಂದಗತಿಯ ಆಮೆಯ ಎದುರಿಗೆ ನಿಲ್ಲಬಲ್ಲವರು ಕಡಮೆ. ಕೂಡಿಬರದಿದ್ದರೆ ಅದು ಬರಿಯ ಆಮೆ.

ಇನ್ನು ನನ್ನ ಲೇಖನದ ನಾಯಕನ ಬಳಿಗೆ ಬರೋಣ.

ಈ ಆಟಕ್ಕೆ ವಿಶ್ವಮಟ್ಟದ ಪಂದ್ಯಗಳು ನಡೆಯುತ್ತವೆ. ವಿಡಿಯೊ ಆಟದ ವಿಭಾಗದ ಮೊದಲ ವಿಶ್ವಪಂದ್ಯ ೨೦೦೯ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ನಡೆಯಿತು. ವಯಸ್ಸಿಗೆ ತಕ್ಕಂತೆ ಮೂರು ವಿಭಾಗಗಳಿರುತ್ತವೆ. ಆಟಗಾರನು ಆರು ಜೀವಿಗಳ ತಂಡವನ್ನು ತಂದು, ಪ್ರತಿಯೊಂದು ಕಾಳಗಕ್ಕೂ ಅವುಗಳಲ್ಲಿ ನಾಲ್ಕನ್ನು ಆರಿಸಿಕೊಳ್ಳುತ್ತಾನೆ; ಕಣದಲ್ಲಿ ಒಂದೊಂದು ಕಡೆಗೆ ಎರಡೆರಡು ಜೀವಿಗಳು ಒಟ್ಟಿಗೆ ನಿಂತು ಕಾದುತ್ತವೆ. ೨೦೧೪ರ ಆಗಸ್ಟಿನಲ್ಲಿ ಪಂದ್ಯ ವಾಷಿಂಗ್ಟನ್ ನಗರದಲ್ಲಿ ನಡೆಯಿತು. ಅಲ್ಲಿ ಹಿರಿಯರ ವಿಭಾಗದ ಅಂತಿಮ ಸುತ್ತನ್ನು ತಲುಪಿದವರಲ್ಲಿ ದಕ್ಷಿಣ ಕೊರಿಯದ ಪಾರ್ಕ್ ಸೆ-ಜುನ್ ಒಬ್ಬನು.

ಅವನ ತಂಡದಲ್ಲಿದ್ದವರು ಗಾರ್‌ಚಾಂಪ್, ಗ್ಯಾರಡೋಸ್, ಗಾರ್ಡೆವಾರ್, ಟ್ಯಾಲನ್‌ಫ್ಲೇಮ್, ಗೊಥಿಟೆಲ್ ಎಂಬ ಐವರು, ಆರನೆಯದು ಪಚಿರಿಸು. ಕನ್ನಡದ ಕಿವಿಗೆ ಕ್ರಿಯಾಪದದಂತೆ ಕೇಳುವ ಈ ಹೆಸರಿನಲ್ಲಿ ಎರಡು ಜಪಾನಿ ಮಾತುಗಳು ಸೇರಿವೆ: 'ಪಚಿ ಪಚಿ' ಎಂದರೆ ಕಿಡಿ ಹಾರುವ ಚಟಪಟ ಸದ್ದು, 'ರಿಸು' ಎಂದರೆ ಅಳಿಲು. ಬಿಳಿಯ ಮೈ, ನೀಲಿಯ ಗೆರೆ, ಹಳದಿಯ ಕೆನ್ನೆಗಳ ಈ ಚಟಪಟ ಅಳಿಲಿನ ಆರು ಅಂಕಗಳನ್ನೂ ಕೂಡಿದರೆ ಬರುವ ಮೊತ್ತ ೪೦೫. ಗಾರ್‌ಚಾಂಪ್‌ನ ಮೊತ್ತ ೬೦೦, ಗ್ಯಾರಡೋಸ್‌ನದು ೫೪೦. ಅಳಿಲಿನ ದಾಳಿಯ ಅಂಕ ೪೫, ವಿಶೇಷ ದಾಳಿಯದೂ ೪೫. ವಿಶ್ವಪಂದ್ಯದ ಕಣದಲ್ಲಿ ಇಂತಹ ಪ್ರಾಣಿಯನ್ನು ಯಾರೂ ನಿರೀಕ್ಷಿಸಿರಲಿಲ್ಲ. ಪಾರ್ಕ್ ಅದನ್ನು ಮುಂದೆ ಬಿಟ್ಟಾಗ ಸಭಾಂಗಣದಲ್ಲಿ ಹರ್ಷೋದ್ಗಾರವೆದ್ದಿತು. ಅಂತಿಮ ಸುತ್ತಿನಲ್ಲಿ ಅಮೆರಿಕದ ಎದುರಾಳಿಯನ್ನು ಸೋಲಿಸಿ ಅವನು ವಿಶ್ವವಿಜೇತನಾದನು.

ಅಳಿಲು ಮಾಡಿದ ಕೆಲಸವೇನು? ಪಾರ್ಕ್ ಅದಕ್ಕೆ ಕಲಿಸಿದ್ದ ನಾಲ್ಕು ಪಟ್ಟುಗಳನ್ನು ನೋಡಿದರೆ ಉತ್ತರ ಸಿಗುತ್ತದೆ. ಮೊದಲನೆಯದು ಫಾಲೊ ಮಿ: ಇದನ್ನು ಹೂಡಿದ ಸುತ್ತಿನಲ್ಲಿ ಎದುರಾಳಿಗಳು ಪಕ್ಕದವನಿಗೆಂದು ಎತ್ತಿದ ಏಟು ತನ್ನ ಕಡೆಗೆ ತಿರುಗುತ್ತದೆ. ಎರಡನೆಯದು ಸೂಪರ್ ಫ್ಯಾಂಗ್: ಹೊಡೆದವನ ಬಲ ಎಷ್ಟೇ ಇರಲಿ, ಹೊಡೆಸಿಕೊಂಡವನ ಉಳಿದ ಪ್ರಾಣಬಲದಲ್ಲಿ ಅರ್ಧ ಹೋಗುತ್ತದೆ. ಮೂರನೆಯದು ನಜಲ್: ಏಟು ಅತ್ಯಲ್ಪ, ಆದರೆ ತಗುಲಿದವನಿಗೆ ಲಕವು ಹೊಡೆದು ಅವನ ವೇಗ ಕುಸಿಯುತ್ತದೆ. ನಾಲ್ಕನೆಯದು ಪ್ರೊಟೆಕ್ಟ್: ಒಂದು ಸುತ್ತಿನ ಮಟ್ಟಿಗೆ ತನ್ನನ್ನು ತಾನು ಕಾಪಾಡಿಕೊಳ್ಳುವುದು. ಈ ನಾಲ್ಕರಲ್ಲಿ ಒಂದಾದರೂ ೪೫ ಎಂಬ ಆ ದಾಳಿಯ ಅಂಕವನ್ನು ನೆಚ್ಚಿಕೊಂಡಿದೆಯೆ ನೋಡಿ. ಇಲ್ಲ. ಬಲಹೀನನ ಕೈಗೆ ಬಲದ ಹಂಗಿಲ್ಲದ ಆಯುಧಗಳನ್ನೇ ಕೊಡಲಾಗಿದೆ. ಆಟಗಾರನು ತನ್ನ ಜೀವಿಗೆ ಹಂಚಬಹುದಾದ ಹೆಚ್ಚುವರಿ ಅಂಕಗಳನ್ನು ಪಾರ್ಕ್ ಬಹುಪಾಲು ಪ್ರಾಣಬಲಕ್ಕೂ ರಕ್ಷಣೆಗೂ ಹಾಕಿದ್ದನು. ಹೊಡೆಯುವ ಆಸೆಯನ್ನೇ ಅಳಿಲಿಗೆ ಇಟ್ಟಿರಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಇದೊಂದು ಚಮತ್ಕಾರವೆನ್ನಬಹುದಾಗಿತ್ತು. ಅದರ ಹುಟ್ಟುಗುಣವನ್ನು ಕೇಳಿದಾಗ ಚಮತ್ಕಾರ ಶಾಸ್ತ್ರವಾಗುತ್ತದೆ. ವೋಲ್ಟ್ ಅಬ್ಸಾರ್ಬ್ ಎಂಬ ಆ ಗುಣವುಳ್ಳ ಜೀವಿಗೆ ವಿದ್ಯುತ್ತಿನ ಏಟು ಬಿದ್ದರೆ ಗಾಯವಾಗುವುದಿಲ್ಲ. ಬದಲಾಗಿ ಅದರ ಪೂರ್ಣ ಪ್ರಾಣಬಲದ ನಾಲ್ಕನೆಯ ಒಂದು ಭಾಗ ಮರಳಿ ಬರುತ್ತದೆ. ಈಗ ಗ್ಯಾರಡೋಸ್ ಪಕ್ಕದಲ್ಲಿ ಅಳಿಲನ್ನು ನಿಲ್ಲಿಸಿ ನೋಡಿ. ಗ್ಯಾರಡೋಸ್‌ಗೆ ನಾಲ್ಕು ಪಟ್ಟು ಪೆಟ್ಟು ಕೊಡುವ ಸಿಡಿಲನ್ನು ಎದುರಾಳಿ ಎಸೆಯುತ್ತಾನೆ. ಅಳಿಲು ಅದನ್ನು ತನ್ನತ್ತ ಸೆಳೆಯುತ್ತದೆ. ಸಿಡಿಲು ಅದಕ್ಕೆ ಆಹಾರವಾಗುತ್ತದೆ. ಎದುರಾಳಿಯ ಅತ್ಯಂತ ಹರಿತವಾದ ಆಯುಧವೇ ಅಳಿಲಿಗೆ ಔಷಧಿ. ಆ ಸುತ್ತಿನಲ್ಲಿ ಗ್ಯಾರಡೋಸ್ ಯಾವ ಭಯವೂ ಇಲ್ಲದೆ ತನ್ನ ಕೆಲಸವನ್ನು ಮಾಡುತ್ತದೆ.

ಅಳಿಲಿಗೂ ಒಂದು ಶತ್ರುವಿದೆ: ನೆಲದ ವರ್ಗದ ಏಟು. ಭೂಕಂಪದ ಪಟ್ಟು ಕಣದಲ್ಲಿರುವ ಎಲ್ಲರಿಗೂ, ಹೂಡಿದವನ ಸಂಗಾತಿಗೂ ಕೂಡ, ಬಡಿಯುತ್ತದೆ. ಅದನ್ನು ಫಾಲೊ ಮಿ ತಡೆಯಲಾರದು. ಆದರೆ ಟ್ಯಾಲನ್‌ಫ್ಲೇಮ್ ಹಾರುವ ಜೀವಿ. ತನ್ನ ಸಹಜ ರೂಪದಲ್ಲಿ ಗ್ಯಾರಡೋಸ್ ಸಹ ಹಾರಾಟದ ವರ್ಗದ್ದು. ನೆಲ ನಡುಗಿದರೆ ಇವರಿಗೇನು? ಸಿಡಿಲು ಬರುವುದೆಂದು ಶಂಕೆಯಾದರೆ ಗ್ಯಾರಡೋಸ್‌ನನ್ನು ಹಿಂದಕ್ಕೆ ಕರೆದು ನೆಲದ ವರ್ಗದ ಗಾರ್‌ಚಾಂಪ್‌ನನ್ನು ಬಿಡಬಹುದು, ಸಿಡಿಲು ಸೊನ್ನೆಯಾಗುತ್ತದೆ. ಮಹಾಸರ್ಪಗಳ ವರ್ಗಕ್ಕೂ ಸೇರಿದ ಗಾರ್‌ಚಾಂಪ್‌ಗೆ ಇನ್ನೊಂದು ಮಹಾಸರ್ಪದ ಏಟು ಬರುವುದೆಂದು ತೋರಿದರೆ ಯಕ್ಷಿಣಿಯ ವರ್ಗದ ಗಾರ್ಡೆವಾರ್‌ನನ್ನು ಬಿಡಬಹುದು. ಆ ಏಟೂ ಸೊನ್ನೆಯಾಗುತ್ತದೆ. ಹದಿನೈದು ಜೋಡಿಗಳೆಂದು ಆಗಲೇ ಹೇಳಿದೆನಲ್ಲ. ಪಾರ್ಕ್ ಕಟ್ಟಿದ್ದು ಅವುಗಳನ್ನು.

ನಮ್ಮಲ್ಲಿ 'ಅಳಿಲು ಸೇವೆ' ಎಂಬ ಮಾತಿದೆ. ಸೇತುವೆ ಕಟ್ಟುವಾಗ ಮೈಗೆ ಮರಳು ಮೆತ್ತಿಕೊಂಡು ಬಂದು ಕೊಡವಿದ ಅಳಿಲಿನ ಕಥೆಯನ್ನು ನೀವೆಲ್ಲ ಕೇಳಿದ್ದೀರಿ. ಆ ಮಾತಿನಲ್ಲಿ ವಿನಯವಿದೆ, ಭಕ್ತಿಯಿದೆ. ಆದರೆ ಆ ಅಳಿಲು ಇಲ್ಲದಿದ್ದರೂ ಸೇತುವೆ ಆಗುತ್ತಿತ್ತು ಎಂಬ ಭಾವವೂ ಅದರಲ್ಲಿ ಅಡಗಿದೆ. ಪಚಿರಿಸುವಿನದು ಆ ಬಗೆಯ ಸೇವೆಯಲ್ಲ. ಅದು ನಿಂತ ಜಾಗದಲ್ಲಿ ಇನ್ನೊಂದು ೬೦೦ರ ಮಹಾಸರ್ಪವನ್ನು ನಿಲ್ಲಿಸಿದ್ದರೆ ತಂಡ ಬೇರೆಯಾಗುತ್ತಿತ್ತು, ಗ್ಯಾರಡೋಸ್ ಮೇಲಿನ ಸಿಡಿಲು ಮಾತ್ರ ಹಾಗೆಯೇ ಬೀಳುತ್ತಿತ್ತು.

ಈ ಗೆಲುವನ್ನು ಕುರಿತು ಮಾತನಾಡುವಾಗ ಕೆಲವರು ಕರುಣರಸವನ್ನು ಹರಿಸುತ್ತಾರೆ: ಮುದ್ದಾದ ದುರ್ಬಲ ಜೀವಿಯೊಂದನ್ನು ಪ್ರೀತಿಯಿಂದ ನಂಬಿದ್ದರ ಫಲ ಇದು, ನಾವೂ ನಮಗೆ ಮೆಚ್ಚಿಕೆಯಾದವರನ್ನೇ ಕಟ್ಟಿಕೊಂಡು ಗೆಲ್ಲಬೇಕು ಎನ್ನುತ್ತಾರೆ. ಕೇಳಲು ಇಂಪಾದ ಮಾತು. ನನಗೆ ಒಪ್ಪಿಗೆಯಾಗದ ಮಾತು. ದುರ್ಬಲನಿಗೆ ದಯೆಯಿಂದ ಕೊಟ್ಟ ಸ್ಥಾನ ಅವನಿಗೂ ಹಿತವಲ್ಲ, ತಂಡಕ್ಕೂ ಹಿತವಲ್ಲ. ಏಟನ್ನು ತನ್ನತ್ತ ಸೆಳೆಯಬಲ್ಲ ಬೇರೆ ಜೀವಿಗಳೂ ಆ ವರ್ಷದ ಆಟದಲ್ಲಿ ಇದ್ದವು. ಅಮೂಂಗಸ್ ಎಂಬ ಅಣಬೆ ಅವುಗಳಲ್ಲಿ ಹೆಸರಾದುದು. ಅದರ ಮೊತ್ತ ೪೬೪. ಆದರೆ ಅಣಬೆ ಚೆಲ್ಲುವ ಪುಡಿ ೨೦೧೩ರ ನಿಯಮದಂತೆ ಸಸ್ಯದ ವರ್ಗದವರನ್ನು ಸೆಳೆಯಲಾರದು. ಅದರ ವೇಗ ೩೦, ಅಳಿಲಿನದು ೯೫. ಅಣಬೆಗೆ ಸಿಡಿಲಿನಿಂದ ಅರ್ಧ ಪೆಟ್ಟಾದರೂ ಆಗುತ್ತದೆ, ಅಳಿಲಿಗೆ ಲಾಭವೇ ಆಗುತ್ತದೆ. ಬೇರೆ ತಂಡದಲ್ಲಿ ಅಣಬೆಯೇ ಮೇಲಾಗಬಹುದು. ಈ ತಂಡದಲ್ಲಿ, ಈ ಐವರ ನಡುವೆ, ಅಳಿಲೇ ತಕ್ಕುದು. ಅಳಿಲಿಗೆ ಇದಕ್ಕಿಂತ ದೊಡ್ಡ ಗೌರವವನ್ನು ನಾನು ಊಹಿಸಲಾರೆ: ಅದನ್ನು ಯಾರೂ ಕನಿಕರಿಸಲಿಲ್ಲ, ಅದರ ಅಗತ್ಯವಿತ್ತು.

ವಿಜೇತರ ತಂಡಗಳು ಇಂದು ಎಲ್ಲರಿಗೂ ತಿಳಿದಿರುತ್ತವೆ. ಅವುಗಳನ್ನು ಇದ್ದಕ್ಕಿದ್ದಂತೆ ನಕಲು ಮಾಡುವವರಿಗೂ ಕೊರತೆಯಿಲ್ಲ. ಇದನ್ನು ಕಂಡಾಗ ನನಗೆ ಪರೀಕ್ಷೆಯ ಗೈಡುಗಳ ನೆನಪಾಗುತ್ತದೆ. ಗೈಡಿನ ಉತ್ತರವನ್ನು ಉರು ಹೊಡೆದವನು ಪ್ರಶ್ನೆ ತುಸು ಮಗ್ಗುಲು ಬದಲಿಸಿದೊಡನೆ ಕಕ್ಕಾಬಿಕ್ಕಿಯಾಗುತ್ತಾನೆ. ಪಾರ್ಕ್‌ನ ಆರು ಜೀವಿಗಳನ್ನು ಎತ್ತಿಕೊಂಡವನಿಗೆ ಅಳಿಲು ಯಾವಾಗ ಮುಂದಕ್ಕೆ ಬರಬೇಕು, ಯಾವಾಗ ಹಿಂದೆ ನಿಲ್ಲಬೇಕು ಎಂಬುದು ತಿಳಿಯದಿದ್ದರೆ ಅವನ ಕೈಯಲ್ಲಿ ಉಳಿಯುವುದು ೪೦೫ರ ಒಂದು ಪ್ರಾಣಿ ಮಾತ್ರ. ಮೇಲಾಗಿ, ನಿರೀಕ್ಷಿಸದೆ ಬಂದುದೇ ಅಳಿಲಿನ ಬಲದ ಒಂದು ಪಾಲು. ಮರುದಿನ ಎಲ್ಲರೂ ಅದನ್ನು ನಿರೀಕ್ಷಿಸತೊಡಗಿದಾಗ ಆ ಪಾಲು ಕರಗಿಹೋಯಿತು. ಹಾಗೆಂದು ಕಲಿಯುವವನು ಬಲ್ಲವರ ತಂಡವನ್ನು ಕೆಲಕಾಲ ಅನುಸರಿಸಬಾರದೆಂದಿಲ್ಲ. ಅಕ್ಷರವನ್ನು ತಿದ್ದಿಯೇ ಅಲ್ಲವೆ ನಾವೆಲ್ಲ ಬರೆಯಲು ಕಲಿತದ್ದು.

ಕಣದೊಳಗಿನ ಯೋಚನೆಯ ರೀತಿಯನ್ನೂ ಎರಡು ಮಾತಿನಲ್ಲಿ ಹೇಳಬೇಕು. ಚದುರಂಗದಲ್ಲಿ ಒಬ್ಬನು ನಡೆಸಿದ ಮೇಲೆ ಇನ್ನೊಬ್ಬನು ನಡೆಸುತ್ತಾನೆ. ಇಲ್ಲಿ ಹಾಗಲ್ಲ, ಇಬ್ಬರೂ ಒಂದೇ ವೇಳೆಗೆ, ಒಬ್ಬರಿಗೊಬ್ಬರು ತಿಳಿಯದಂತೆ ಪಟ್ಟನ್ನು ಆರಿಸಿಟ್ಟ ಮೇಲೆ ಎರಡೂ ಒಟ್ಟಿಗೆ ಬಯಲಾಗುತ್ತವೆ. ಆದಕಾರಣ ಎದುರಾಳಿಯ ಜೀವಿಗಳನ್ನು ಬಲ್ಲರೆ ಸಾಲದು, ಎದುರಾಳಿಯನ್ನು ಬಲ್ಲವನಾಗಬೇಕು. ಅಳಿಲು ಫಾಲೊ ಮಿ ಹೂಡುವುದೆಂದು ಎದುರಾಳಿ ಊಹಿಸಿದರೆ ಸಿಡಿಲನ್ನು ಬಿಟ್ಟು ಭೂಕಂಪವನ್ನು ಹೂಡುತ್ತಾನೆ. ಅವನು ಹಾಗೆ ಊಹಿಸುವನೆಂದು ನಾನು ಊಹಿಸಿದರೆ ಅಳಿಲಿಗೆ ಪ್ರೊಟೆಕ್ಟ್ ಹೇಳುತ್ತೇನೆ. ಅದನ್ನೂ ಅವನು ಊಹಿಸಿದರೆ? ಈ ಏಣಿಗೆ ಕೊನೆಯ ಮೆಟ್ಟಿಲಿಲ್ಲ. ಎಲ್ಲಿ ಇಳಿಯಬೇಕೆಂಬುದೇ ಅನುಭವ. ಇದರ ಜೊತೆಗೆ ಅದೃಷ್ಟವೂ ಇದೆ. ಪ್ರತಿಯೊಂದು ಪೆಟ್ಟೂ ತನ್ನ ಗರಿಷ್ಠದ ನೂರಕ್ಕೆ ೮೫ರಿಂದ ೧೦೦ರ ನಡುವೆ ಎಲ್ಲಿಯಾದರೂ ಬೀಳಬಹುದು. ಕೆಲವು ಪಟ್ಟುಗಳು ಗುರಿಯನ್ನೇ ತಪ್ಪಬಹುದು. ಹತ್ತರಲ್ಲಿ ಒಂಬತ್ತು ಸಲ ತಾಗುವ ಪಟ್ಟು ತಪ್ಪಿದಾಗ ಹಣೆ ಚಚ್ಚಿಕೊಳ್ಳುವ ಆಟಗಾರನನ್ನು ನೋಡಿದರೆ ನಗು ಬರುತ್ತದೆ. ಆ ಹತ್ತನೆಯ ಸಲ ತನ್ನ ಪಾಲಿಗೆ ಬರುವುದೇ ಇಲ್ಲವೆಂದು ಅವನಿಗೆ ಯಾರು ಮಾತು ಕೊಟ್ಟಿದ್ದರೋ! ಅದೃಷ್ಟ ಇಷ್ಟೊಂದಿದ್ದರೂ ಅಮೆರಿಕದ ರೇ ರಿಝೊ ೨೦೧೦, ೨೦೧೧, ೨೦೧೨ ಈ ಮೂರು ವರ್ಷಗಳಲ್ಲಿ ಸಾಲಾಗಿ ವಿಶ್ವವಿಜೇತನಾದನೆಂಬುದು, ಅದೃಷ್ಟವನ್ನೂ ಲೆಕ್ಕಕ್ಕೆ ತೆಗೆದುಕೊಂಡು ತಂಡ ಕಟ್ಟಬಹುದೆಂಬುದಕ್ಕೆ ಸಾಕಷ್ಟು ಪುರಾವೆ.

ಕೊನೆಗೆ ಉಳಿಯುವುದು ಹೊರಗೆ ಕುಳಿತ ಇಬ್ಬರ ಸಂಗತಿ. ಕಾಳಗಕ್ಕೆ ಮೊದಲು ಇಬ್ಬರು ಆಟಗಾರರಿಗೂ ಎದುರಾಳಿಯ ಆರೂ ಜೀವಿಗಳು ಕಾಣುತ್ತವೆ. ಆರರಲ್ಲಿ ನಾಲ್ಕನ್ನು, ಆ ನಾಲ್ಕರಲ್ಲಿ ಮೊದಲು ಇಳಿಯುವ ಇಬ್ಬರನ್ನು ಆರಿಸಲು ಒಂದೂವರೆ ನಿಮಿಷ ದೊರೆಯುತ್ತದೆ. ಲೆಕ್ಕ ಹಾಕಿದರೆ ಹೀಗೆ ಆರಿಸುವ ಬಗೆಗಳು ೯೦, ಎಂದರೆ ಸೆಕೆಂಡಿಗೊಂದು. ಆರಿಸದೆ ಬಿಟ್ಟ ಇಬ್ಬರು ಆ ಕಾಳಗದಲ್ಲಿ ಒಂದು ಏಟನ್ನೂ ಹೊಡೆಯುವುದಿಲ್ಲ. ಹಾಗಾದರೆ ಅವರು ವ್ಯರ್ಥವೆ? ಗೊಥಿಟೆಲ್‌ನಂತಹ ಜೀವಿಯೊಂದನ್ನು ನೋಡಿ. ಅದಕ್ಕೆ ಷ್ಯಾಡೊ ಟ್ಯಾಗ್ ಎಂಬ ಹುಟ್ಟುಗುಣ ಇರಬಹುದು. ಇದ್ದರೆ, ಅದು ಕಣದಲ್ಲಿರುವವರೆಗೆ ಎದುರಾಳಿಯು ತನ್ನ ಜೀವಿಗಳನ್ನು ಹಿಂದಕ್ಕೆ ಕರೆಸಿಕೊಳ್ಳಲಾರನು. ಭೂತಗಳ ವರ್ಗದವು ಮಾತ್ರ ಆ ಹಿಡಿತದಿಂದ ಜಾರಿಕೊಳ್ಳಬಲ್ಲವು. ಎದುರಿನ ಸಾಲಿನಲ್ಲಿ ಗೊಥಿಟೆಲ್‌ನನ್ನು ಕಂಡ ಆಟಗಾರನು ಯೋಚಿಸುತ್ತಾನೆ: ಅದು ಬಂದರೆ ಗತಿಯೇನು? ಇರಲಿ ಎಂದು ತನಗೆ ಬೇಕಾಗಿದ್ದ ಒಬ್ಬನನ್ನು ಬಿಟ್ಟು, ಭೂತವೊಂದನ್ನು ತನ್ನ ನಾಲ್ವರಲ್ಲಿ ಸೇರಿಸಿಕೊಳ್ಳುತ್ತಾನೆ. ಕಾಳಗ ಮೊದಲಾಗುತ್ತದೆ, ಮುಗಿಯುತ್ತದೆ. ಗೊಥಿಟೆಲ್ ಕಣಕ್ಕೆ ಇಳಿಯುವುದೇ ಇಲ್ಲ. ಅದಕ್ಕಾಗಿ ಅವನು ತನ್ನ ನಾಲ್ಕು ಸ್ಥಾನಗಳಲ್ಲಿ ಒಂದನ್ನು ಆಗಲೇ ತೆತ್ತಿರುತ್ತಾನೆ.